ಬಣ್ಣ ಬಿಡಿ, ಬಾಲ ನೋಡಿ

ಕರಿ ಕಾಡುಬೆಕ್ಕಿನ ವಿಚಾರವಾಗಿ ಕಿತ್ತೂರು ಕಡೆಯಿಂದ ಒಂದು ಪತ್ರ ಬಂತು. ಅದರ ಬೆನ್ನಿಗೇ ಬೈಲಹೊಂಗಲ, ಸವದತ್ತಿ, ರಾಮದುರ್ಗದಿಂದಲೂ ಅದೇ ಧಾಟಿಯ ಪತ್ರಗಳು ಬಂದವು. ಹಾವು, ನವಿಲು, ಮಂಗನ ಕಾಟದ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟು, ಈ ಸಲದ ಪುಟವನ್ನು ಬೆಕ್ಕಿಗೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ಸರ್, ನಮ್ಮ ಹೊಲ ಕಿತ್ತೂರಿಂದ ಪಡುವಣಕ್ಕ, ಕಾಡಂಚಿನಾಗ ಐತಿ. ಮುಂಜಾನೆ ಕಬ್ಬಿಗೆ ನೀರ ಬಿಡಾಕ ಹ್ವಾದಾಗ ಬದುವಿನ ಮ್ಯಾಲ ಒಂದ ಕರೀ ಪ್ರಾಣಿ ಕುಂತಿತ್ತು. ಮನಿ ಬೆಕ್ಕಿಗಿಂತ ದೊಡ್ಡದು, ಕಾಲು ಉದ್ದ. ದಾಂಡೇಲಿ ಕಡೆ ಕರಿ ಚಿರತಿ ಅದಾವಲ್ಲ, ಅದರ ಮರಿ ಇದು ಅಂತಾನ ನನ್ನ ಮಗ. ಸುದ್ದಿ ಹಬ್ಬಿ ಕಳೆ ತಗ್ಯಾಕ ಹೆಣ್ಣಾಳು ಬರವಲ್ಲರು. ಏನ ಮಾಡೋದ್ರಿ?
— ಒಬ್ಬ ರೈತರು, ಕಿತ್ತೂರು ತಾಲ್ಲೂಕು

ಉತ್ತರ: ಯಜಮಾನರೇ, ‘ಕಾಲು ಉದ್ದ’ ಅಂತ ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ಬೆಕ್ಕಿನ ಗಾತ್ರದ ಚಿರತೆ ಮರಿಗೆ ಕಾಲು ಗಿಡ್ಡ, ಪಂಜ ದಪ್ಪ. ಬಾಲವೂ ದಪ್ಪ, ಉದ್ದ. ಆ ವಯಸ್ಸಿನ ಮರಿ ತಾಯಿ ಬಚ್ಚಿಟ್ಟ ಜಾಗದಲ್ಲಿ ಮುದುರಿಕೊಂಡು ಇರುತ್ತದೆಯೇ ಹೊರತು ಬೆಳಗಿನ ಹೊತ್ತು ಬದುವಿನ ಮೇಲೆ ಒಂಟಿಯಾಗಿ ಕುಳಿತು ಇಲಿ ಕಾಯುವುದಿಲ್ಲ. ಉದ್ದ ಕಾಲು, ಮೈಯ ಮೂರನೇ ಒಂದು ಭಾಗದಷ್ಟೇ ಬಾಲ, ಬಾಲದ ತುದಿಯ ಕಡೆ ನಾಲ್ಕಾರು ಉಂಗುರ, ಕಿವಿಯ ತುದಿಯಲ್ಲಿ ಸಣ್ಣ ಕೂದಲಿನ ಕುಚ್ಚು: ಇಷ್ಟಿದ್ದರೆ ಅದು ಕಾಡುಬೆಕ್ಕು. ಮಾಮೂಲಿ ಬಣ್ಣ ಒಣ ಹುಲ್ಲಿನದು, ಮಣ್ಣಿನದು. ಆದರೆ ಭಾರತ ಉಪಖಂಡದಲ್ಲಿ ಪೂರ್ತಿ ಕಪ್ಪಾದವೂ ಆಗಾಗ ವರದಿಯಾಗಿವೆ. ಎಳೆ ಬಿಸಿಲು ಓರೆಯಾಗಿ ಬಿದ್ದಾಗ ಕಪ್ಪು ಮೈಯಲ್ಲೂ ಬಾಲದ ಉಂಗುರ ಮಸುಕಾಗಿ ಕಾಣುವುದುಂಟು.

ಇನ್ನೆರಡು ಸಾಧ್ಯತೆಗಳಿವೆ. ಒಂದು ಮರಬೆಕ್ಕು. ಹೆಸರಿನಲ್ಲಿ ಬೆಕ್ಕಿದ್ದರೂ ಅದು ಪುನುಗಿನ ಬಳಗದ್ದು. ಮೈ ಕಪ್ಪು, ಮುಖ ಚೂಪು, ಕಾಲು ಗಿಡ್ಡ, ಬಾಲ ಮೈಯಷ್ಟೇ ಉದ್ದ, ರಾತ್ರಿ ಸಂಚಾರಿ. ಎರಡನೆಯದು ಊರು ಬಿಟ್ಟ ಕರಿ ಮನೆಬೆಕ್ಕು, ಇಲ್ಲವೇ ಅದಕ್ಕೂ ಕಾಡುಬೆಕ್ಕಿಗೂ ಹುಟ್ಟಿದ ಬೆರಕೆ. ಇವೆರಡೂ ಒಂದೇ ಕುಲದವು, ಕೂಡಿದರೆ ಮರಿಯಾಗುತ್ತವೆ. ಅಮೆರಿಕದಲ್ಲಿ ಬೇಕೆಂದೇ ಹೀಗೆ ಕೂಡಿಸಿ ‘ಚಾಸಿ’ ಎಂಬ ಸಾಕು ತಳಿಯನ್ನೇ ಮಾಡಿದ್ದಾರೆ. ಆ ತಳಿಗೆ ಒಪ್ಪಿತವಾದ ಬಣ್ಣಗಳಲ್ಲಿ ಅಚ್ಚ ಕಪ್ಪೂ ಒಂದು. ಹಾಗಾಗಿ ಊರಿನ ಹತ್ತಿರ ಕಪ್ಪು ಕಾಡುಬೆಕ್ಕು ಕಂಡಿತೆಂದರೆ ನನಗೆ ಮೊದಲು ಬರುವ ಅನುಮಾನ ಬೆರಕೆಯದೇ. ಕಾಡಂಚಿನಲ್ಲಿ ಆ ಅನುಮಾನ ಕಡಿಮೆಯಾಗುತ್ತದೆ, ಹೋಗುವುದಿಲ್ಲ.

ಆದರೂ ಮಗನ ಮಾತನ್ನು ತೀರ ತೆಗೆದುಹಾಕಬೇಡಿ. ಕಾಳಿ ಹುಲಿ ಮೀಸಲಿನಲ್ಲಿ ಕರಿ ಚಿರತೆ ಇರುವುದು ನಿಜ, ಕಬ್ಬಿನಲ್ಲಿ ಚಿರತೆ ಮರಿ ಹಾಕುವುದೂ ನಿಜ. ನೀರು ಬಿಟ್ಟ ಮಡಿಯ ಹಸಿ ಮಣ್ಣು ನೋಡಿ. ಅಂಗೈ ಅಗಲದ ಹೆಜ್ಜೆ ಇದ್ದರೆ ಕೆಲಸ ನಿಲ್ಲಿಸಿ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಮನೆಬೆಕ್ಕಿನದಕ್ಕಿಂತ ತುಸು ದೊಡ್ಡದಷ್ಟೇ ಇದ್ದರೆ ಹೆಣ್ಣಾಳುಗಳನ್ನು ಕರೆಯಿರಿ, ಕಳೆ ಬೆಳೆಯುತ್ತಿದೆ.

ಇನ್ನೊಂದು ಲೆಕ್ಕ. ರಾಜಸ್ಥಾನದ ಸರಿಸ್ಕಾದಲ್ಲಿ ಶೋಮಿತಾ ಮುಖರ್ಜಿ ಮತ್ತು ಸಂಗಡಿಗರು ಕಾಡುಬೆಕ್ಕಿನ ಹಿಕ್ಕೆ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ಬೆಕ್ಕು ದಿನಕ್ಕೆ 3ರಿಂದ 5 ಇಲಿ ತಿನ್ನುತ್ತದೆ. ವರ್ಷಕ್ಕೆ ಸಾವಿರದ ಮೇಲಾಯಿತು. ಕಬ್ಬಿನ ಬುಡ ಕಡಿಯುವ ಇಲಿಗೆ ನೀವು ವರ್ಷಾ ಎಷ್ಟು ಖರ್ಚು ಮಾಡುತ್ತೀರಿ ಎಂಬುದು ನಿಮಗೇ ಗೊತ್ತು.

ಪ್ರಶ್ನೆ: ನಾನು ಹೈಸ್ಕೂಲಿನ ವಿಜ್ಞಾನ ಶಿಕ್ಷಕ. ಕರಿ ಬೆಕ್ಕಿನ ಸುದ್ದಿ ಕೇಳಿ ಒಬ್ಬ ಹುಡುಗ, ‘ಅಪ್ಪ ಅವ್ವ ಇಬ್ಬರೂ ಮಣ್ಣಿನ ಬಣ್ಣದವರಿದ್ದರ ಮರಿ ಹ್ಯಾಂಗ ಕರೀದಾಗತೈತ್ರಿ, ಅದು ಬ್ಯಾರೆ ಜಾತೀನ ಏನ್ರಿ?’ ಎಂದು ಕೇಳಿದ. ತರಗತಿಯಲ್ಲಿ ಹೇಳುವ ಹಾಗೆ ವಿವರಿಸಿ.
— ಬೈಲಹೊಂಗಲ

ಉತ್ತರ: ಗುರುಗಳೇ, ಬೇರೆ ಜಾತಿಯಲ್ಲ. ಒಂದೇ ಸೂಲಿನಲ್ಲಿ ಒಂದು ಮರಿ ಕಪ್ಪು, ಉಳಿದವು ಮಾಮೂಲಿ ಬಣ್ಣದವು ಆಗಬಹುದು.

ಕಾಡುಬೆಕ್ಕಿನ ಒಂದು ಕೂದಲನ್ನು ಭೂತಗನ್ನಡಿಯಲ್ಲಿ ನೋಡಿದರೆ ಉದ್ದಕ್ಕೂ ಒಂದೇ ಬಣ್ಣ ಇರುವುದಿಲ್ಲ. ಕಪ್ಪು ಪಟ್ಟಿ, ಹಳದಿ ಪಟ್ಟಿ ಒಂದರ ಮೇಲೊಂದು ಬಂದಿರುತ್ತವೆ. ದೂರದಿಂದ ಎರಡೂ ಕೂಡಿ ಮಣ್ಣಿನ ಬಣ್ಣ ಕಾಣುತ್ತದೆ. ಕೂದಲು ಬೆಳೆಯುವಾಗ ಬಣ್ಣದ ಕೋಶದ ಮೇಲೆ ಎಂಸಿ1ಆರ್ ಎಂಬ ಗ್ರಾಹಕ ಕೂತು ‘ಕಪ್ಪು ಮಾಡು’ ಎನ್ನುತ್ತಿರುತ್ತದೆ. ನಡುನಡುವೆ ಅಗೂಟಿ ಎಂಬ ಪ್ರೋಟೀನು ಬಂದು ಅದರ ಬಾಯಿ ಮುಚ್ಚಿಸುತ್ತದೆ, ಆಗ ಹಳದಿ ಪಟ್ಟಿ ಬೀಳುತ್ತದೆ. ರಾಮದುರ್ಗದ ನೇಕಾರ ಲಾಳಿ ಬದಲಿಸುವುದನ್ನೇ ಮರೆತರೆ ಪಟ್ಟೆ ಸೀರೆ ಒಂದೇ ಬಣ್ಣಕ್ಕೆ ಬರುತ್ತದಲ್ಲ, ಅಗೂಟಿ ಕೆಟ್ಟರೆ ಆಗುವುದು ಅದೇ. ಎಂಸಿ1ಆರ್ ಕೆಟ್ಟು ಸದಾ ಕೂಗುತ್ತಲೇ ಇದ್ದರೂ ಫಲ ಒಂದೇ.

2003ರಲ್ಲಿ ಬ್ರೆಜಿಲ್‌ನ ಎಡುವಾರ್ಡೊ ಐಜಿರಿಕ್ ಮತ್ತು ಸಂಗಡಿಗರು ಇದನ್ನು ಬಿಡಿಸಿ ತೋರಿಸಿದರು. ಕರಿ ಮನೆಬೆಕ್ಕಿನಲ್ಲಿ ಅಗೂಟಿ ಜೀನಿನ ಎರಡೇ ಎರಡು ಅಕ್ಷರ ಬಿದ್ದುಹೋಗಿವೆ. ಜಾಗ್ವಾರ್‌ನಲ್ಲಿ ಎಂಸಿ1ಆರ್ ಜೀನಿನಿಂದ 15 ಅಕ್ಷರ, ಜಾಗ್ವಾರುಂಡಿ ಎಂಬ ಇನ್ನೊಂದು ಅಮೆರಿಕದ ಬೆಕ್ಕಿನಲ್ಲಿ 24. ಚಿರತೆಯದು ಮತ್ತೆ ಅಗೂಟಿಯಲ್ಲೇ, ಆದರೆ ಬೇರೆ ಜಾಗದಲ್ಲಿ; ಅದು 2012ರಲ್ಲಿ ಗೊತ್ತಾಯಿತು. ಅಂದರೆ ಕಪ್ಪು ಬಣ್ಣ ಒಂದು ಪೂರ್ವಜನಿಂದ ಹರಿದು ಬಂದದ್ದಲ್ಲ. ಸುಮಾರು 40 ಜಾತಿಯ ಬೆಕ್ಕುಗಳಲ್ಲಿ ಹನ್ನೆರಡಕ್ಕೂ ಹೆಚ್ಚು ಜಾತಿಗಳಲ್ಲಿ ಕಪ್ಪು ಕಂಡಿದೆ, ಮತ್ತು ಪರೀಕ್ಷಿಸಿದ ಕಡೆಯಲ್ಲೆಲ್ಲ ಬಹುಪಾಲು ಬೇರೆ ಬೇರೆ ತಪ್ಪಿನಿಂದಲೇ ಬಂದಿದೆ.

ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿಂದ ಹೊರಡುತ್ತದೆ. ಅಗೂಟಿಯ ತಪ್ಪು ಅಡಗಿ ಕೂರುವಂಥದ್ದು. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಕೆಟ್ಟ ಪ್ರತಿಗಳು ಸೇರಿದರೆ ಮಾತ್ರ ಮರಿ ಕಪ್ಪು. ಒಂದೇ ಕೆಟ್ಟ ಪ್ರತಿ ಹೊತ್ತ ಅಪ್ಪ–ಅವ್ವ ನೋಡಲು ಮಾಮೂಲಿಯಾಗೇ ಇರುತ್ತಾರೆ. ಅಂಥವರ ಮರಿಗಳಲ್ಲಿ ಸರಾಸರಿ ನಾಲ್ಕಕ್ಕೆ ಒಂದು ಕಪ್ಪು. ಬೋರ್ಡಿನ ಮೇಲೆ ಇನ್ನೊಂದು ಲೆಕ್ಕ ಹಾಕಿಸಿ: ನೂರರಲ್ಲಿ ಒಂದೇ ಕರಿ ಬೆಕ್ಕು ಇರುವ ಕಡೆ, ಕೂಟ ಯಾದೃಚ್ಛಿಕವಾಗಿದ್ದರೆ, ತಪ್ಪನ್ನು ಒಳಗೇ ಹೊತ್ತ ಮಣ್ಣಿನ ಬಣ್ಣದವು ಎಷ್ಟು? ಹದಿನೆಂಟು. ಹುಡುಗರು ನಂಬುವುದಿಲ್ಲ, ಎರಡು ಸಲ ಮಾಡಿಸಬೇಕಾಗುತ್ತದೆ. ಜಾಗ್ವಾರ್‌ನ ತಪ್ಪು ಮಾತ್ರ ಇದಕ್ಕೆ ಉಲ್ಟಾ. ಒಂದೇ ಪ್ರತಿ ಬಂದರೂ ಕಪ್ಪು.

ಪ್ರಶ್ನೆ: ಮೋಡ ಕವಿದ ಬೆಟ್ಟದ ಕಾಡುಗಳಲ್ಲಿ ಸಣ್ಣ ಬೆಕ್ಕುಗಳು ಕಪ್ಪಾಗುವುದು ಹೆಚ್ಚು ಎಂದು ಓದಿದೆ. ನಮ್ಮದೂ ಗುಡ್ಡದ ಸೀಮೆಯೇ: ಯಲ್ಲಮ್ಮನ ಗುಡ್ಡ, ಪರಸಗಡ. ಇಲ್ಲೇಕೆ ಕಾಣುವುದಿಲ್ಲ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಸವದತ್ತಿ

ಉತ್ತರ: ತಂಗಿ, ಗುಡ್ಡವಿದ್ದರೆ ಸಾಲದು, ನೆರಳೂ ತೇವವೂ ಬೇಕು. ಮಲಪ್ರಭೆಯ ದಾರಿ ಹಿಡಿದು ನೋಡು. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟುವಾಗ ಸುತ್ತ ಹಗಲೂ ಕತ್ತಲೆ ಕಟ್ಟಿದ ಮಳೆಕಾಡು. ಎಂ.ಕೆ. ಹುಬ್ಬಳ್ಳಿ ದಾಟಿ ನವಿಲುತೀರ್ಥಕ್ಕೆ ಬರುವ ಹೊತ್ತಿಗೆ ಕಾಡು ಹೋಗಿ ಎರೆಹೊಲ, ಕುರುಚಲು ಗುಡ್ಡ. ರಾಮದುರ್ಗ ಮುಟ್ಟಿದಾಗ ವರ್ಷದ ಮಳೆ 600 ಮಿಲಿಮೀಟರಿನ ಆಚೀಚೆ. ಒಂದೇ ಜಿಲ್ಲೆಯಲ್ಲಿ ಇಷ್ಟು ಅಂತರ.

ಬಿಸಿ–ತೇವದ ಕಡೆಯ ಪ್ರಾಣಿಗಳ ಬಣ್ಣ ಗಾಢ ಎಂದು ಜರ್ಮನಿಯ ಗ್ಲೋಗರ್ 1833ರಲ್ಲೇ ಹೇಳಿದ್ದ. ಬೆಕ್ಕುಗಳಲ್ಲಿ ಇದಕ್ಕೆ ಪುರಾವೆ ಸಾಕಷ್ಟಿದೆ. ಮಲಯಾ ಪರ್ಯಾಯ ದ್ವೀಪದಲ್ಲಿ ಕ್ರಾ ಭೂಸಂಧಿಯಿಂದ ದಕ್ಷಿಣಕ್ಕೆ ಚಿರತೆಗಳು ಹೆಚ್ಚುಕಡಿಮೆ ಎಲ್ಲವೂ ಕಪ್ಪು. ಜಗತ್ತಿನ ಒಟ್ಟು ಲೆಕ್ಕದಲ್ಲಿ ಕರಿ ಚಿರತೆ ನೂರಕ್ಕೆ ಸುಮಾರು 11. ಸಣ್ಣ ಬೆಕ್ಕುಗಳಿಗೆ ಬಂದರೆ, ಆಫ್ರಿಕಾದ ಸರ್ವಲ್ ಬಯಲಿನಲ್ಲಿ ಚುಕ್ಕೆಯದು, ಕೆನ್ಯಾದ ಅಬರ್ಡೇರ್ ಬೆಟ್ಟದ ಮಂಜಿನಲ್ಲಿ ಕಪ್ಪು ಸರ್ವಲ್‌ಗಳೂ ಸಿಗುತ್ತವೆ. ಚಿಲಿಯ ತೇವದ ಕಾಡಿನ ಗಿನ್ಯಾ, ಅಮೆರಿಕ ಖಂಡಗಳಲ್ಲೇ ಅತಿ ಸಣ್ಣ ಬೆಕ್ಕು, ಕಪ್ಪಾಗಿಯೂ ಕಾಣುತ್ತದೆ. ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಅರುಣಾಚಲದ ದಿಬಾಂಗ್ ಕಣಿವೆ. ಅಲ್ಲಿ ಸಾಹಿಲ್ ನಿಜಾವನ್ ಮತ್ತು ಸಂಗಡಿಗರು ಇಟ್ಟ ಕ್ಯಾಮೆರಾಗಳಲ್ಲಿ ಹೊಂಬೆಕ್ಕು ಆರು ಬಣ್ಣಗಳಲ್ಲಿ ಸಿಕ್ಕಿತು, ಅದರಲ್ಲೊಂದು ಕಪ್ಪು. 2019ರಲ್ಲಿ ಇದು ಪ್ರಕಟವಾದಾಗ, ಒಂದೇ ಜಾಗದಲ್ಲಿ ಒಂದೇ ಕಾಡುಬೆಕ್ಕಿಗೆ ಇಷ್ಟು ವೇಷ ಕಂಡದ್ದು ಜಗತ್ತಿನಲ್ಲಿ ಮೊದಲು ಅನ್ನಿಸಿಕೊಂಡಿತು. ಬಿಸಿ ಕಣಿವೆಯಿಂದ ಹಿಮದಂಚಿನವರೆಗೆ ಬೇರೆ ಬೇರೆ ಎತ್ತರದಲ್ಲಿ ಬೇಟೆಯಾಡಲು ಈ ವೈವಿಧ್ಯ ನೆರವಾಗಬಹುದು ಎಂದು ಅವರ ಊಹೆ.

ನನಗೆ ಬಹಳ ಹಿಡಿಸಿದ್ದು ಬ್ರೆಜಿಲ್‌ನ ಸಣ್ಣ ಚುಕ್ಕೆಬೆಕ್ಕು ಆನ್ಸಿಲಾದ ಕತೆ. ಕಪ್ಪು ಮೈಯದು ಕತ್ತಲ ರಾತ್ರಿಯಲ್ಲಿ ಹೊರಬೀಳಬೇಕು ಅನ್ನಿಸುತ್ತದಲ್ಲವೇ? ಕ್ಯಾಮೆರಾ ಹೇಳಿದ್ದು ಬೇರೆ. ಬೆಳದಿಂಗಳು ಹೆಚ್ಚಿದ್ದಾಗ ಓಡಾಡಿದ್ದು ಕಪ್ಪು ಬೆಕ್ಕುಗಳು. ಚುಕ್ಕೆಯವು ಆ ರಾತ್ರಿಗಳನ್ನು ಅವಕ್ಕೆ ಬಿಟ್ಟುಕೊಟ್ಟಂತಿತ್ತು. ಬೆಳಕಿನಲ್ಲಿ ಮೈ ಮರೆಸಿಕೊಳ್ಳುವ ಅನುಕೂಲ ಕರಿ ಬಣ್ಣಕ್ಕೆ ಹೆಚ್ಚು, ಅಮಾವಾಸ್ಯೆಯಲ್ಲಿ ಯಾವ ಬಣ್ಣವಾದರೇನು. ಕಪ್ಪಿಗೆ ನಷ್ಟವೂ ಉಂಟು ಎನ್ನುವ ವಾದವಿದೆ. ಅನೇಕ ಬೆಕ್ಕುಗಳ ಕಿವಿಯ ಹಿಂಬದಿಯಲ್ಲಿ ಬಿಳಿ ಮಚ್ಚೆ ಇರುತ್ತದೆ, ಮಬ್ಬಿನಲ್ಲಿ ಮರಿಗಳು ತಾಯಿಯನ್ನು ಹಿಂಬಾಲಿಸಲು ಅದೇ ಗುರುತು. ಮೈ ಕಪ್ಪಾದರೆ ಆ ಮಚ್ಚೆಯೂ ಅಳಿಸಿಹೋಗುತ್ತದೆ.

ಆದರೆ ‘ಕತ್ತಲೆ ಕಾಡು, ಕಪ್ಪು ಮೈ’ ಎಂಬ ಸೂತ್ರವನ್ನು ನಾನು ಪೂರ್ತಿ ನಂಬುವವನಲ್ಲ. ಕೆನ್ಯಾದ ಲೈಕಿಪಿಯಾ ನಿಮ್ಮ ರಾಮದುರ್ಗದ ಗುಡ್ಡಗಳಂಥ ಒಣ ಕುರುಚಲು ಸೀಮೆ, 2019ರಲ್ಲಿ ಜಗತ್ತೆಲ್ಲ ನೋಡಿದ ಆಫ್ರಿಕಾದ ಕರಿ ಚಿರತೆಯ ಚಿತ್ರಗಳು ಅಲ್ಲಿಯವೇ. ಒಡಿಶಾದ ಸಿಮ್ಲಿಪಾಲ್‌ನ ಕಪ್ಪು ಹುಲಿಯನ್ನು ತೆಗೆದುಕೋ. ಬೆಂಗಳೂರಿನ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ತೋರಿಸಿದ ಪ್ರಕಾರ, ಅಲ್ಲಿ ಪಟ್ಟೆ ಹರಡಿಕೊಂಡು ಮೈ ಕಪ್ಪಾಗಲು ಟ್ಯಾಕ್‌ಪೆಪ್ ಎಂಬ ಬೇರೆಯೇ ಜೀನು ಕಾರಣ. ಅದು ಅಲ್ಲಿ ಅಷ್ಟು ಹೆಚ್ಚಲು ಮುಖ್ಯ ಕಾರಣ ಬೇರೆ ಹುಲಿಗಳ ಸಂಪರ್ಕ ತಪ್ಪಿ ಕೆಲವೇ ಹುಲಿಗಳು ತಮ್ಮತಮ್ಮಲ್ಲೇ ಕೂಡಿದ್ದು. ಕರಿಯವು ಹೆಚ್ಚಾದವು ಎಂದರೆ ಕಾಡು ಸೊಂಪಾಗಿದೆ ಎಂದೇ ಅಲ್ಲ. ತುಂಡಾಗಿದೆ ಎಂದೂ ಇರಬಹುದು.

ಯಲ್ಲಮ್ಮನ ಗುಡ್ಡದಂಥ ಬಂಡೆ, ಮುಳ್ಳುಕಂಟಿಗಳ ನಡುವೆ ನೀನು ಹುಡುಕಬೇಕಾದದ್ದು ಕರಿ ಬೆಕ್ಕನ್ನಲ್ಲ, ಕೆಂಪುಚುಕ್ಕೆ ಬೆಕ್ಕನ್ನು. ಒಂದರಿಂದ ಒಂದೂವರೆ ಕಿಲೋ ತೂಕ, ಪ್ರಪಂಚದಲ್ಲೇ ಅತಿ ಸಣ್ಣ ಕಾಡುಬೆಕ್ಕುಗಳಲ್ಲೊಂದು. ಭಾರತ, ಶ್ರೀಲಂಕಾ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ಜಾತ್ರೆಯ ಗದ್ದಲ ಇಲ್ಲದ ದಿನಗಳಲ್ಲಿ, ಸಂಜೆಗತ್ತಲಲ್ಲಿ ಪ್ರಯತ್ನಿಸು. ಒಬ್ಬಳೇ ಹೋಗಬೇಡ.

ಪ್ರಶ್ನೆ: ಕರೀ ಕಾಡಬೆಕ್ಕು ಜೀವಂತ ಹಿಡದ ಕೊಟ್ಟರ ಭಾಳ ರೊಕ್ಕ ಬರತೈತಿ, ನಿಧಿ ತಗ್ಯಾವ್ರು ತಗೋತಾರ ಅಂತ ಒಬ್ಬಾವ ಹೇಳ್ಯಾನ. ಖರೇ ಏನ್ರಿ?
— ರಾಮದುರ್ಗ ತಾಲ್ಲೂಕು

ಉತ್ತರ: ಖರೆ ಏನೆಂದರೆ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಹಿಡಿದವನೂ ಒಳಗೆ, ಕೊಂಡವನೂ ಒಳಗೆ. ಎರಡಕ್ಷರ ಬಿದ್ದುಹೋದ ಜೀನಿಗೆ ನೆಲದೊಳಗಿನ ಬಂಗಾರ ಕಾಣುವುದಿಲ್ಲ. ಆ ‘ಒಬ್ಬಾವ’ನ ಹೆಸರನ್ನು ನನಗೆ ಬರೆಯಬೇಡಿ, ವಲಯ ಅರಣ್ಯ ಕಚೇರಿಗೆ ಹೇಳಿ.

ಪ್ರಶ್ನೆ: ಕಬ್ಬು ಕಡಿಯೋ ಗ್ಯಾಂಗಿನವ್ರಿಗೆ ಮೂರು ಮರಿ ಸಿಕ್ಕಾವ್ರಿ. ಎರಡು ಪಟ್ಟೆಪಟ್ಟೆ, ಒಂದು ಕರೀದು. ಮನ್ಯಾಗ ಹಾಲು ಹಾಕಿ ಇಟ್ಟೀನಿ. ಸಾಕಬಹುದಾ?
— ಗೃಹಿಣಿ, ಬೈಲಹೊಂಗಲ ತಾಲ್ಲೂಕು

ಉತ್ತರ: ಇಲ್ಲ ತಾಯಿ, ತಡ ಮಾಡಬೇಡಿ. ಹಸುವಿನ ಹಾಲು ಅವಕ್ಕೆ ಒಗ್ಗುವುದಿಲ್ಲ, ಭೇದಿ ಹತ್ತುತ್ತದೆ. ಮೊದಲು 1926ಕ್ಕೆ ತಿಳಿಸಿ. ಮಹಾರಾಷ್ಟ್ರದ ಜುನ್ನರ್ ಸೀಮೆಯಲ್ಲಿ ಕಬ್ಬಿನ ಹಂಗಾಮಿನಲ್ಲಿ ಹೀಗೆ ಸಿಕ್ಕ ಕೆಂಪುಚುಕ್ಕೆ ಬೆಕ್ಕಿನ ಮರಿಗಳನ್ನು, ಚಿರತೆ ಮರಿಗಳನ್ನೂ, ಅರಣ್ಯ ಇಲಾಖೆಯವರು ಮತ್ತು ವೈಲ್ಡ್‌ಲೈಫ್ ಎಸ್‌ಒಎಸ್‌ನವರು ತಾಯಿಗೆ ಮುಟ್ಟಿಸುತ್ತ ಬಂದಿದ್ದಾರೆ. ವಿಧಾನ ಸರಳ: ಸಿಕ್ಕ ಜಾಗದಲ್ಲೇ, ಸಂಜೆ, ಬುಟ್ಟಿಯಲ್ಲೋ ಪೆಟ್ಟಿಗೆಯಲ್ಲೋ ಇಟ್ಟು ಜನ ದೂರ ಸರಿಯುವುದು. ತಾಯಿ ಬಂದು ಒಂದೊಂದಾಗಿ ಬಾಯಲ್ಲಿ ಕಚ್ಚಿ ಒಯ್ಯುತ್ತದೆ. ಮನುಷ್ಯರ ಕೈ ತಾಗಿದ ಮರಿಯನ್ನು ತಾಯಿ ಮುಟ್ಟುವುದಿಲ್ಲ ಎನ್ನುವುದು ಸುಳ್ಳು. ಅಷ್ಟು ಜಾಗದ ಕಬ್ಬನ್ನು ಒಂದೆರಡು ದಿನ ಕಡಿಯದೆ ಬಿಡಲು ಗ್ಯಾಂಗಿನ ಮುಕಾದಮನಿಗೆ ಹೇಳಿ.

ಮರಿಗಳ ಪಟ್ಟೆ ನೋಡಿ ಮೋಸ ಹೋಗಬೇಡಿ, ಕಾಡುಬೆಕ್ಕಿನ ಮರಿಗೂ ಪಟ್ಟೆ ಇರುತ್ತದೆ, ಬೆಳೆದಂತೆ ಮಾಸುತ್ತದೆ. ಆ ಕರಿಯದರ ಅಪ್ಪ ನಿಮ್ಮೂರಿನ ಗಂಡು ಬೆಕ್ಕೇ ಇರಬಹುದು. ಇದ್ದರೂ ತಾಯಿಯ ಬಳಿಯೇ ಹೋಗಲಿ. ಊರ ಬೆಕ್ಕುಗಳಿಂದ ಕಾಡುಬೆಕ್ಕಿಗೆ ರಕ್ತ ಬೆರೆಯುವುದರ ಜೊತೆಗೆ ರೋಗವೂ ದಾಟುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿ, ಸಂತಾನಹರಣವನ್ನೂ ಮಾಡಿಸಿ.

ಪ್ರಶ್ನೆ: ನಮ್ಮ ಕೋಳಿ ಶೆಡ್ಡಿನ ಸಿಸಿಟಿವಿಯಲ್ಲಿ ರಾತ್ರಿ ಒಂದು ಬೆಕ್ಕು ಬಂದಿದೆ, ವಿಡಿಯೊ ಕಳಿಸಿದ್ದೇನೆ. ಕಪ್ಪು ಕಾಡುಬೆಕ್ಕು ಹೌದೇ ಅಲ್ಲವೇ?
— ರಾಮದುರ್ಗ

ಉತ್ತರ: ನೋಡಿದೆ. ರಾತ್ರಿ ಸಿಸಿಟಿವಿ ನೋಡುವುದು ಅವಕೆಂಪು ಬೆಳಕಿನಲ್ಲಿ. ಅಲ್ಲಿ ಬಣ್ಣವೇ ಇಲ್ಲ. ಅಚ್ಚ ಕಪ್ಪು ಬೆಕ್ಕು ಬೂದಿಯಾಗಿ ಕಾಣಬಹುದು, ಕಂದು ಬೆಕ್ಕು ನೆರಳಿನಲ್ಲಿ ಕಪ್ಪಾಗಿ ಕಾಣಬಹುದು. ಈ ಬೆಳಕಿನ ಒಂದು ಗುಣ ಮಾತ್ರ ದೊಡ್ಡದು. ಹಗಲಿನಲ್ಲಿ ಕಪ್ಪಿನೊಳಗೆ ಮುಳುಗಿದ ಚುಕ್ಕೆಗಳು ಇದರಲ್ಲಿ ಮೇಲೆದ್ದು ಕಾಣುತ್ತವೆ. ಮಲೇಷ್ಯಾದ ಸಂಶೋಧಕರು ಕರಿ ಚಿರತೆಗಳನ್ನು ಒಂದೊಂದಾಗಿ ಗುರುತಿಸಿ ಎಣಿಸಿದ್ದು ಕ್ಯಾಮೆರಾವನ್ನು ಸದಾ ಈ ರಾತ್ರಿ ಬೆಳಕಿನಲ್ಲೇ ಓಡಿಸಿ. ನಿಮ್ಮ ವಿಡಿಯೊದಲ್ಲಿ ಬೆಕ್ಕು ಬೆನ್ನು ತಿರುಗಿಸಿದಾಗ ಚುಕ್ಕೆ ಇಲ್ಲ, ಅಷ್ಟರಮಟ್ಟಿಗೆ ಚಿರತೆಯ ಭಯ ಬಿಡಿ. ಬಾಲ ಶೆಡ್ಡಿನ ಕಂಬದ ಹಿಂದೆ ಹೋಗಿದೆ, ಹಾಗಾಗಿ ಮುಂದೆ ಹೇಳಲಾರೆ.

ಶೆಡ್ಡಿನ ಜಾಲರಿಯ ಬುಡಕ್ಕೆ ಒಂದು ಅಡಿ ಕಲ್ಲು–ಗಾರೆ ಕಟ್ಟಿಸಿ, ಮೇಲಿನ ಸಂದು ಮುಚ್ಚಿಸಿ, ವಿಷ ಇಡಬೇಡಿ. ಕ್ಯಾಮೆರಾವನ್ನು ಎರಡಡಿ ಕೆಳಗಿಳಿಸಿ ಬಾಗಿಲಿಗೆ ಅಡ್ಡವಾಗಿ ತಿರುಗಿಸಿ. ಬೆಳಗಿನ ಆರರ ಸುಮಾರಿಗೆ ಅದೇ ಬೆಕ್ಕು ಬಂದರೆ ಬಣ್ಣವೂ ಸಿಗುತ್ತದೆ. ಆಗ ಕಳಿಸಿ, ಬಾಲದ ತುದಿ ಕಾಣುವಂತಿರಲಿ.