ಕಪಾಟು ತುಂಬುವ ಮೊದಲು ಮೇಜು ತುಂಬಲಿ

ಮರಿ, ನಿನ್ನ ಕಪಾಟು ನೋಡಿದೆ. ಚೆನ್ನಾಗಿದೆ. ದಪ್ಪ ದಪ್ಪ ರಟ್ಟಿನ ಪುಸ್ತಕಗಳು, ಬಣ್ಣ ಬಣ್ಣದ ಡೈಸು, ಗಾಜಿನ ಹಿಂದೆ ಒಂದು ಹಳೆಯ ಪೆಟ್ಟಿಗೆ. ‘ಕಾಲ್ ಆಫ್ ಕ್ತುಲು’ ಇದೆ, ‘ಡೆಲ್ಟಾ ಗ್ರೀನ್’ ಇದೆ, ‘ವೇಸೆನ್’ ಇದೆ, ‘ಮದರ್‌ಶಿಪ್’ ಇದೆ. ಅರ್ಧಕ್ಕರ್ಧದ ಮೇಲೆ ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿಲ್ಲ. ಅದೊಂದು ನನಗೆ ಹಿಡಿಸಲಿಲ್ಲ.

ಮುಂದೆ ಯಾವುದು ಕೊಳ್ಳಲಿ ಎಂದು ಕೇಳಿದೆಯಲ್ಲ, ಸದ್ಯಕ್ಕೆ ಯಾವುದೂ ಬೇಡ. ಇರುವುದರಲ್ಲಿ ಒಂದನ್ನು ಆಡು. ಪಾತ್ರ ವಹಿಸಿ ಆಡುವ ಈ ಕಥೆಯಾಟಗಳಲ್ಲಿ ಭಯ ಹುಟ್ಟುವುದು ಮೇಜಿನ ಸುತ್ತ ಕೂತ ನಾಲ್ಕು ಜನರ ನಡುವೆ. ಪುಸ್ತಕ ದುಡ್ಡು ಕೊಟ್ಟರೆ ಮನೆಗೆ ಬರುತ್ತದೆ. ನಿನ್ನನ್ನು ನಂಬಿ ನಿನ್ನೆದುರು ಹೆದರಲು ಒಪ್ಪುವ ನಾಲ್ಕು ಜನ ಹಾಗೆ ಬರುವುದಿಲ್ಲ. ಅವರನ್ನು ಸಂಪಾದಿಸಬೇಕು.

ನಾನು ಈ ಆಟ ಕಲಿತದ್ದು ಎಂಬತ್ತರ ದಶಕದಲ್ಲಿ, ಅಮೆರಿಕದಲ್ಲಿ ಓದುತ್ತಿದ್ದಾಗ. ‘ಕಾಲ್ ಆಫ್ ಕ್ತುಲು’ ಬಂದದ್ದು 1981ರಲ್ಲಿ. ಬರೆದವನು ಸ್ಯಾಂಡಿ ಪೀಟರ್ಸನ್, ಹೊರತಂದವರು ಕೇಯಾಸಿಯಂನವರು. ಅದಕ್ಕೂ ಮುಂಚೆ, 1974ರಿಂದ, ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇತ್ತು. ಅದರಲ್ಲಿ ರಾಕ್ಷಸನನ್ನು ಕೊಲ್ಲು, ಚಿನ್ನ ಬಾಚು, ದಿನದಿನಕ್ಕೆ ಬಲಶಾಲಿಯಾಗು. ಪೀಟರ್ಸನ್ ಆ ದಾರಿಯನ್ನೇ ತಿರುಗಿಸಿಟ್ಟ. ಅವನ ಆಟದಲ್ಲಿ ನೀನೊಬ್ಬ ಮೇಷ್ಟ್ರು, ವರದಿಗಾರ, ಇಲ್ಲವೇ ನರ್ಸ್. ಎದುರಿಗಿರುವುದು ನಿನ್ನ ಪಿಸ್ತೂಲಿಗೆ ಬಗ್ಗುವಂಥದ್ದಲ್ಲ.

ಲೆಕ್ಕ ಹೇಗಿದೆ ನೋಡು. ನಿನ್ನ ಪಾತ್ರಕ್ಕೆ ಸ್ಯಾನಿಟಿ ಎಂಬ ಅಂಕ ಇರುತ್ತದೆ. ನೋಡಬಾರದ್ದನ್ನು ನೋಡಿದಾಗ ಹತ್ತು ಮುಖದ ಎರಡು ಡೈಸ್ ಹಾಕುತ್ತೀಯ. ನಿನ್ನ ಅಂಕದಷ್ಟೋ ಅದಕ್ಕಿಂತ ಕಡಿಮೆಯೋ ಬಿದ್ದರೆ ಬಹುಮಟ್ಟಿಗೆ ಬಚಾವ್, ಇಲ್ಲದಿದ್ದರೆ ಅಂಕ ಹೆಚ್ಚು ಕರಗುತ್ತದೆ. ಈಗಿನ ಏಳನೇ ಆವೃತ್ತಿಯಲ್ಲಿ ಒಂದೇ ಏಟಿಗೆ 5 ಅಥವಾ ಹೆಚ್ಚು ಹೋಯಿತೆನ್ನು, ಆಗ ಬುದ್ಧಿಯ ಅಂಕದ ಮೇಲೆ ಇನ್ನೊಮ್ಮೆ ಡೈಸ್. ಇಲ್ಲಿ ಸೋತರೆ ಮನಸ್ಸು ಕಂಡದ್ದನ್ನು ಮುಚ್ಚಿಹಾಕಿ ಪಾರಾಗುತ್ತದೆ. ಗೆದ್ದರೆ ಕಂಡದ್ದು ಏನೆಂದು ಪಾತ್ರಕ್ಕೆ ಪೂರ್ತಿ ಅರ್ಥವಾಗುತ್ತದೆ, ಅದಕ್ಕೇ ತಲೆ ಕೆಡುತ್ತದೆ! ಇಂಥ ಘೋರಗಳ ಬಗೆಗಿನ ಗುಪ್ತ ವಿದ್ಯೆಯನ್ನು ಎಷ್ಟು ಕಲಿತೆಯೋ ಅಷ್ಟನ್ನು 99ರಿಂದ ಕಳೆಯಬೇಕು. ಉಳಿದದ್ದಕ್ಕಿಂತ ಮೇಲೆ ನಿನ್ನ ಸ್ಯಾನಿಟಿ ಇನ್ನೆಂದೂ ಏರುವುದಿಲ್ಲ. ಕಲಿತಷ್ಟೂ ಕಳೆದುಕೊಳ್ಳುವ ಆಟ. ನಲವತ್ತು ವರ್ಷ ದಾಟಿದರೂ ಈ ಲೆಕ್ಕ ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ನಿನಗೆ ಆತುರ ಜಾಸ್ತಿ. ಅದು ಗೊತ್ತಿದ್ದೇ ಹೇಳುತ್ತೇನೆ, ಶುರುವಿಗೆ ‘ದ ಹಾಂಟಿಂಗ್’ ಆಡಿಸು. 1981ರ ಮೊದಲ ಆವೃತ್ತಿಯಿಂದಲೂ ಜೊತೆಗಿರುವ ಕಥೆ ಅದು. ಈಗ ಆರಂಭಿಕರ ನಿಯಮಗಳ ಜೊತೆ ಬಿಟ್ಟಿಯಾಗಿಯೇ ಸಿಗುತ್ತದೆ. 1920ರ ಬೋಸ್ಟನ್, ಬಾಡಿಗೆಗೆ ಹೋಗದ ಒಂದು ಹಳೆಯ ಮನೆ, ಅದರಲ್ಲಿ ಏನಿದೆ ನೋಡಿ ಬನ್ನಿ ಎಂದು ಕಳಿಸುವ ಯಜಮಾನ. ಅಷ್ಟೇ. ಮನೆಗೆ ಕಾಲಿಡುವ ಮುಂಚೆ ಪತ್ರಿಕಾ ಕಚೇರಿ, ಲೈಬ್ರರಿ, ದಾಖಲೆ ಕೋಣೆ ಸುತ್ತಬಹುದು. ಹಿಂದೆ ಅಲ್ಲಿದ್ದವರ ಗತಿ ತುಣುಕು ತುಣುಕಾಗಿ ಕೈಗೆ ಬರುತ್ತದೆ. ಕೀಪರ್ ಆಗಿ, ಅಂದರೆ ಆಟ ನಡೆಸಲು, ಕೂತವರಿಗೆ ಇಲ್ಲಿ ಒಂದೇ ಕೆಲಸ, ತಡೆದುಕೊಳ್ಳುವುದು. ನೀನೋ, ಹತ್ತು ನಿಮಿಷಕ್ಕೇ ದೆವ್ವವನ್ನು ಬಾಗಿಲಿಗೆ ತಂದು ನಿಲ್ಲಿಸುವ ಆಸಾಮಿ. ಒಗ್ಗರಣೆಯ ಹಾಗೆ ಅದು ಕೊನೆಗೆ ಬೀಳಬೇಕು. ಅಲ್ಲಿಯವರೆಗೆ ಆಟಗಾರರು ಹಳೆ ಪತ್ರಿಕೆ ತಿರುವಲಿ, ನೆರೆಮನೆಯವರ ಜೊತೆ ಹರಟಲಿ. ದನಿ ಏರಿಸಬೇಡ. ಮೆಟ್ಟಿಲು ಎಷ್ಟಿವೆ ಎಂದು ಹತ್ತುವಾಗ ಒಂದು ಲೆಕ್ಕ ಹೇಳು, ಇಳಿಯುವಾಗ ಒಂದು ಹೆಚ್ಚಿಗೆ ಹೇಳು. ಮೇಜಿನಲ್ಲಿ ಒಬ್ಬರು ತಟ್ಟನೆ ತಲೆ ಎತ್ತಿ ನಿನ್ನ ಮುಖ ನೋಡುತ್ತಾರೆ. ಆಗ ಏನೂ ಆಗದವರಂತೆ ಮುಂದುವರಿ.

ಹೀಗೆ ಹೆದರಿಸುವುದನ್ನು ಕಲಿಯಲು ಬೋಸ್ಟನ್ನಿಗೇ ಹೋಗಬೇಕಾಗಿಲ್ಲ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ನಿಮ್ಮಮ್ಮನನ್ನು ಕೇಳು. ರಾತ್ರಿ ಬಂದು ಬಾಗಿಲು ತಟ್ಟುವುದು ಗುರುತಿನವರ ದನಿಯಲ್ಲೇ ಕರೆಯುತ್ತದೆ, ಓಗೊಟ್ಟರೆ ಕೆಟ್ಟೆ ಎಂದು ಜನ ನಂಬಿದ್ದರು. ಅದಕ್ಕೆ ಕೋರೆಹಲ್ಲು ಇತ್ತೇ, ಕೆಂಡದಂಥ ಕಣ್ಣಿತ್ತೇ? ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅಮ್ಮನ ದನಿಗೆ ಬಾಗಿಲು ತೆಗೆಯಲಾಗದ ಸ್ಥಿತಿಯೇ ಸಾಕಾಗಿತ್ತು.

ಊರಿನ ಮಾತು ಬಂದದ್ದಕ್ಕೆ ಒಂದು ಎಚ್ಚರಿಕೆ. 2020ರಲ್ಲಿ ಬಂದ ‘ವೇಸೆನ್’ ನೋಡಿ, ಸ್ವೀಡನ್ನಿನವರು ತಮ್ಮ ಜನಪದವನ್ನು ಆಟ ಮಾಡಿದ್ದಾರೆ, ನಾನೂ ತುಳುನಾಡಿನ ಭೂತಗಳನ್ನು ಹಾಕಿ ಬರೆಯುತ್ತೇನೆ ಅಂದೆಯಲ್ಲ, ಅದು ಬೇಡ. ಆ ದೈವಗಳನ್ನು ಜನ ಇವತ್ತೂ ನಂಬುತ್ತಾರೆ, ಅವುಗಳ ಎದುರು ನ್ಯಾಯ ಕೇಳುತ್ತಾರೆ. ಅವನ್ನು ಗುಂಡು ಹೊಡೆದು ಕೊಲ್ಲುವ ಪ್ರಾಣಿ ಮಾಡಿ ಡೈಸ್ ಉರುಳಿಸಿದರೆ ಯಾರದೋ ಮನೆಯ ದೇವರ ಕೋಣೆಗೆ ಚಪ್ಪಲಿ ಹಾಕಿಕೊಂಡು ನುಗ್ಗಿದಂತೆಯೇ. ನಿನ್ನ ಕಥೆಗೆ ಪಾಳು ಎಸ್ಟೇಟ್ ಬಂಗಲೆ ಇದೆ, ಮುಳುಗಡೆಯಾದ ಊರಿದೆ. ಅಲ್ಲಿಂದ ಶುರುಮಾಡು.

ಕ್ತುಲು ಹುಟ್ಟಿಸಿದ ಲವ್‌ಕ್ರಾಫ್ಟ್ ವಿಚಾರದಲ್ಲೂ ಕಣ್ಣು ತೆರೆದಿರು. ಅವನ ಕ್ತುಲು ಕಥೆ 1928ರಲ್ಲಿ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ಬಂತು. ಕಲ್ಪನೆ ಅಗಾಧ. ಆದರೆ ಕಪ್ಪು ಜನರನ್ನು, ವಲಸೆ ಬಂದವರನ್ನು ಕಂಡರೆ ಅವನಿಗಿದ್ದ ಹೇಸಿಗೆ ಬರಹದಲ್ಲೂ ಕಾಗದಗಳಲ್ಲೂ ಎದ್ದು ಕಾಣುತ್ತದೆ. ನಮ್ಮಂಥವರೂ ಅವನ ಲೆಕ್ಕದಲ್ಲಿ ಮನುಷ್ಯರ ಸಾಲಿನಲ್ಲಿ ಹಿಂದೆಯೇ. ಆಟ ಬಿಡು ಎನ್ನುತ್ತಿಲ್ಲ. 2017ರಲ್ಲಿ ಕ್ರಿಸ್ ಸ್ಪೈವಿ ‘ಹಾರ್ಲೆಮ್ ಅನ್‌ಬೌಂಡ್’ ಬರೆದು, ಅದೇ ಕಾಲದ ಹಾರ್ಲೆಮ್‌ನ ಕಪ್ಪು ಜನರನ್ನೇ ಕಥಾನಾಯಕರನ್ನಾಗಿ ಮಾಡಿದ. ಆ ಪುಸ್ತಕ ಓದು. ಕೆಟ್ಟದ್ದನ್ನು ಮುಚ್ಚಿಡದೆಯೂ ಒಳ್ಳೆಯ ಆಟ ಕಟ್ಟಬಹುದು ಎಂಬುದು ಅಲ್ಲಿ ಕಾಣುತ್ತದೆ.

ಈಗ ಮುಖ್ಯವಾದದ್ದು. ಹೆದರಿಸುವುದಕ್ಕೂ ನೋಯಿಸುವುದಕ್ಕೂ ಅಂತರವಿದೆ. ಆಟದ ಹಿಂದಿನ ದಿನವೇ ಎಲ್ಲರನ್ನೂ ಕೇಳು, ಈ ಕಥೆಯಲ್ಲಿ ಏನು ಬರಬಾರದು ಎಂದು. ಒಬ್ಬರಿಗೆ ಮಗುವಿನ ಸಾವು ಬೇಡ, ಇನ್ನೊಬ್ಬರಿಗೆ ಆಸ್ಪತ್ರೆ ಬೇಡ. ಯಾಕೆ ಎಂದು ಕೆದಕಬೇಡ, ಬರೆದುಕೊಂಡು ಪಾಲಿಸು. ಪೂರಾ ಬೇಡ ಎಂಬುದು ಒಂದು ಗೆರೆ, ಬರಲಿ ಆದರೆ ಪರದೆಯ ಹಿಂದೆ ಇರಲಿ ಎಂಬುದು ಇನ್ನೊಂದು. ರಾನ್ ಎಡ್ವರ್ಡ್ಸ್ ಕೊಟ್ಟ ಬುದ್ಧಿ ಇದು. ಜಾನ್ ಸ್ಟಾವ್ರೊಪೋಲಸ್‌ನ ಎಕ್ಸ್-ಕಾರ್ಡ್ ಇನ್ನೂ ಸಲೀಸು: ಮೇಜಿನ ನಡುವೆ ಒಂದು ಚೀಟಿ, ಯಾರಾದರೂ ಮುಟ್ಟಿದರೆ ಆ ಭಾಗ ಅಲ್ಲಿಗೇ ಬಿಟ್ಟು ಮುಂದೆ ಹೋಗಬೇಕು. ಇದರಿಂದ ಭಯ ಸಪ್ಪೆಯಾಗುತ್ತದೆ ಅಂತ ಮೂಗು ಮುರಿದೆಯಂತೆ. ಆಡಿಸಿ ನೋಡಿದವರನ್ನು ಕೇಳು. ಬಿದ್ದರೆ ಹಿಡಿಯುವವರಿದ್ದಾರೆ ಎಂದು ಗೊತ್ತಿದ್ದಾಗಲೇ ಜನ ಕತ್ತಲಲ್ಲಿ ಇನ್ನೊಂದು ಹೆಜ್ಜೆ ಇಡುವುದು. ಪಾತ್ರಕ್ಕೆ ತಲೆ ಕೆಟ್ಟಾಗ ಅದನ್ನು ನಗೆಪಾಟಲು ಮಾಡಲೂ ಬಿಡಬೇಡ. ಮನಸ್ಸಿನ ಕಾಯಿಲೆಗೆ ಮಾತ್ರೆ ನುಂಗುವವರು ನಿನ್ನ ಮೇಜಿನಲ್ಲೇ ಇರಬಹುದು, ಹೇಳಿರುವುದಿಲ್ಲ ಅಷ್ಟೇ.

ಜನರ ಸಂಬಂಧವನ್ನೇ ಪಣಕ್ಕಿಟ್ಟ ಆಟ ಬೇಕಾದರೆ ‘ಡೆಲ್ಟಾ ಗ್ರೀನ್’ನ ಹೊದಿಕೆ ಬಿಚ್ಚು. ಅದರ ಏಜೆಂಟರಿಗೆ ಹೆಂಡತಿ, ಮಗಳು, ಹಳೆಯ ಗೆಳೆಯ ಹೀಗೆ ಕೆಲವು ನಂಟುಗಳಿರುತ್ತವೆ, ಒಂದೊಂದಕ್ಕೂ ಅಂಕ. ಕಂಡ ಘೋರದ ಏಟನ್ನು ಕಡಿಮೆ ಮಾಡಿಕೊಳ್ಳಬೇಕೆಂದರೆ ಆ ಭಾರವನ್ನು ನಂಟಿನ ಮೇಲೆ ಹೊರಿಸಬಹುದು. ತಲೆ ಉಳಿಯುತ್ತದೆ, ಮಗಳ ಅಂಕ ಇಳಿಯುತ್ತದೆ. ಆಮೇಲೆ ಮನೆಗೆ ಹೋದ ದೃಶ್ಯವನ್ನೂ ಆಡಬೇಕು. ಆ ಊಟದ ಮೇಜಿನ ದೃಶ್ಯದಷ್ಟು ಯಾವ ಪಿಶಾಚಿಯೂ ನನ್ನ ಜೊತೆಗಾರರನ್ನು ಕಾಡಿಲ್ಲ.

ಇನ್ನೂ ಚಿಕ್ಕ ಆಟಗಳೂ ಇವೆ. ‘ಡ್ರೆಡ್’ನಲ್ಲಿ ಡೈಸೇ ಇಲ್ಲ. ಮರದ ತುಂಡುಗಳ ಗೋಪುರದಿಂದ ಒಂದೊಂದೇ ಎಳೆಯಬೇಕು, ಬೀಳಿಸಿದವರ ಪಾತ್ರ ಹೋಯಿತು. ‘ಟೆನ್ ಕ್ಯಾಂಡಲ್ಸ್’ನಲ್ಲಿ ಹತ್ತು ಮೇಣದಬತ್ತಿ ಹಚ್ಚಿ ಕೂರುತ್ತಾರೆ, ಕೊನೆಗೆ ಯಾರೂ ಉಳಿಯುವುದಿಲ್ಲ ಎಂದು ಮೊದಲೇ ಗೊತ್ತು. ಇವೆರಡೂ ಒಂದೇ ರಾತ್ರಿಗೆ ಮುಗಿಯುವಂಥವು. ತಿಂಗಳುಗಟ್ಟಲೆ ಬರುತ್ತೇನೆಂದು ಮಾತು ಕೊಟ್ಟು ಮೂರನೇ ವಾರಕ್ಕೆ ಕೈಕೊಡುವ ನಿನ್ನ ಗೆಳೆಯರ ಬಳಗಕ್ಕೆ ಸದ್ಯ ಇವೇ ಸರಿ.

ಇನ್ನು ಸಂಗ್ರಹ. ಪ್ರೀತಿಯಿಂದ ಕೂಡಿಡುವುದು ತಪ್ಪಲ್ಲ, ನನಗೂ ಆ ಹುಚ್ಚಿದೆ. ಆದರೆ ಆಡಿದ ಪುಸ್ತಕ ಕೂಡಿಡು. ಅಂಚಿನಲ್ಲಿ ಪೆನ್ಸಿಲ್ ಗುರುತು, ಪುಟದಲ್ಲಿ ಕಾಫಿ ಕಲೆ ಇದ್ದರೆ ಇರಲಿ. ಹಳೆಯ ಪೆಟ್ಟಿಗೆ ಕೊಳ್ಳುವಾಗ ಹೊರಗಿನ ಚಿತ್ರ ನೋಡಿ ಮರುಳಾಗಬೇಡ. ಈ ಆಟಗಳ ಜೀವ ಇರುವುದು ಒಳಗಿನ ಬಿಡಿ ಕಾಗದಗಳಲ್ಲಿ. ಆಟಗಾರರ ಕೈಗೆ ಕೊಡುವ ಪತ್ರಿಕೆ ತುಣುಕು, ಪತ್ರ, ನಕ್ಷೆ, ಇವೇ ಮೊದಲು ಕಳೆದುಹೋಗುವುದು. ಮಾರುವವರಿಗೆ ಒಂದೊಂದರ ಫೋಟೋ ಕಳಿಸಲು ಹೇಳು. ಹೊರದೇಶದಿಂದ ತರಿಸುವಾಗ ಸಾಗಾಟ, ಕಸ್ಟಮ್ಸ್ ಎರಡನ್ನೂ ಸೇರಿಸಿ ಬೆಲೆ ನೋಡು. ಮನೆಗೆ ಬಂದ ಮೇಲೆ ಆ ಕಾಗದಗಳ ಜೆರಾಕ್ಸ್ ಮಾಡಿಸಿ, ಆಟಕ್ಕೆ ಜೆರಾಕ್ಸ್ ಕೊಡು, ಮೂಲ ಒಳಗಿರಲಿ. ಮಳೆಗಾಲದಲ್ಲಿ ಕಪಾಟನ್ನು ಗೋಡೆಯಿಂದ ಗೇಣು ದೂರ ಸರಿಸು, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ಬಿಸಿಲು ಬಂದ ದಿನ ಬಾಗಿಲು ತೆರೆದಿಡು.

ನಿನ್ನ ಕಣ್ಣು ‘ಮಾಸ್ಕ್ಸ್ ಆಫ್ ನಯಾರ್ಲಾತೋಟೆಪ್’ ಮೇಲಿದೆ ಎಂದು ಗೊತ್ತು. 1984ರದ್ದು, ಲ್ಯಾರಿ ಡಿಟಿಲಿಯೋ ಮತ್ತು ಲಿನ್ ವಿಲ್ಲಿಸ್ ಬರೆದದ್ದು. ನ್ಯೂಯಾರ್ಕ್, ಲಂಡನ್, ಕೈರೋ, ಕೀನ್ಯಾ, ಶಾಂಘೈ ಸುತ್ತುವ ಭಾರೀ ಕಥೆ. 2018ರ ಆವೃತ್ತಿಯಂತೂ ಆರುನೂರು ಪುಟಕ್ಕೂ ಮೇಲೆ. ನಿಯತ್ತಾಗಿ ಆಡಿದರೆ ವರ್ಷ ಹಿಡಿಯುತ್ತದೆ. ವರ್ಷವಿಡೀ ತಪ್ಪದೆ ಬರುವ ನಾಲ್ಕು ಜನ ಸಿಕ್ಕ ದಿನ ಕೊಂಡುಕೋ. ಹಳೆಯ ಪೆಟ್ಟಿಗೆಯೇ ಬೇಕೆಂದರೆ ದುಡ್ಡು ಕಳಿಸುವ ಮುಂಚೆ ನನಗೊಂದು ಫೋನ್ ಮಾಡು, ಒಳಗಿನ ಕಾಗದ ಎಲ್ಲ ಇವೆಯೇ ಎಂದು ಇಬ್ಬರೂ ಕೂತು ಪಟ್ಟಿ ಹಾಕೋಣ. ಈ ಶನಿವಾರಕ್ಕೆ ‘ದ ಹಾಂಟಿಂಗ್’ ಸಾಕು. ನಾಲ್ವರನ್ನು ಊಟಕ್ಕೇ ಕರೆದುಬಿಡು, ಹೊಟ್ಟೆ ತುಂಬಿದ ಮೇಲೆ ಶುರುಮಾಡು. ಆಟ ಮುಗಿದ ಕೂಡಲೇ ಕಳಿಸಬೇಡ. ದೀಪ ಹಾಕಿ, ಕಾಫಿ ಕೊಟ್ಟು, ಯಾರಿಗೆ ಎಲ್ಲಿ ಹೆದರಿಕೆಯಾಯಿತು ಎಂದು ಬಾಯಿಬಿಡಿಸು. ತಡವಾದರೆ ಒಬ್ಬೊಬ್ಬರೂ ಮನೆ ಸೇರಿದ ಮೇಲೆ ನಿನಗೆ ತಿಳಿಸಲಿ.