ಕಿಸೆಯಲ್ಲಿಯ ಬ್ಯಾಟರಿಯ ಜೋಪಾನ

ಬಾರುಕೋಲು, ಕುಡಗೋಲುಗಳಂತೆ ಮೊಬೈಲೂ ಈಗ ಒಕ್ಕಲುತನದ ಒಂದು ಸಾಧನವಾಗಿದೆ. ಅದು ಶೋಕಿಯ ವಸ್ತುವೆಂದು ಹೇಳುವ ಕಾಲ ಹೋಯಿತು. 2021ನೆಯ ಇಸವಿಯ ಆಗಸ್ಟ 15ರಿಂದ ಮಹಾರಾಷ್ಟ್ರದಲ್ಲಿ ಈ-ಪೀಕ ಪಾಹಣಿ ಆರಂಭವಾದ ಮೇಲಂತೂ, ಸಾತಬಾರಾ ಉತಾರದಲ್ಲಿ ನಮ್ಮ ತೊಗರಿ, ಉದ್ದು, ಕಬ್ಬು ದಾಖಲಾಗಬೇಕಾದರೆ ಒಕ್ಕಲಿಗನು ಹೊಲದಲ್ಲಿಯೇ ನಿಂತು ಬೆಳೆಯ ಚಿತ್ರ ತೆಗೆದು ಕಳಿಸಬೇಕಾಗುತ್ತದೆ. ಉತಾರದಲ್ಲಿ ಬೆಳೆಯ ನೋಂದು ಇಲ್ಲದವನಿಗೆ ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ತೊಡಕು, ಅತಿವೃಷ್ಟಿಯ ಪರಿಹಾರದ ಹೊತ್ತಿಗೂ ತೊಡಕು. ಸೊಲ್ಲಾಪುರದ ಪೇಟೆಯಲ್ಲಿ ಉಳ್ಳಾಗಡ್ಡಿಯ ದರ ಏನಾಯಿತೆಂದು ಅಡತಿಯವನನ್ನು ಕೇಳುವದು ಅದರಲ್ಲಿ, ಬ್ಯಾಂಕಿನ ಓ.ಟಿ.ಪಿ. ಬರುವದು ಅದರಲ್ಲಿ. ರಾತ್ರಿಪಾಳಿಯ ಕರೆಂಟು ಬಂದಾಗ ನೀರು ಹಾಯಿಸಲು ಹೋದವನ ಕೈಯ ದೀಪವೂ ಅದೇ, ಬದುವಿನ ಮೇಲೆ ಹಾವು ಕಚ್ಚಿದರೆ 108ಕ್ಕೆ ಕರೆ ಹೋಗುವದೂ ಅದರಿಂದಲೇ.

ಇಂಥ ಸಾಧನವು ಮಧ್ಯಾಹ್ನ ಎರಡು ಗಂಟೆಗೆ ಹೊಲದ ನಡುವೆ ಕಣ್ಣು ಮುಚ್ಚಿಬಿಟ್ಟರೆ ಉಪಯೋಗವೇನು? "ಹೊಸದರಲ್ಲಿ ಎರಡು ದಿನ ಬರುತ್ತಿತ್ತು, ಈಗ ಒಪ್ಪತ್ತೂ ಬರುವದಿಲ್ಲ" ಎಂಬ ಮಾತನ್ನು ನಾವು ಮೈಂದರ್ಗಿಯ ಸಂತೆಯಲ್ಲಿಯೂ ಕೇಳಿದ್ದೇವೆ, ದುಧನಿಯ ರೇಲ್ವೆ ನಿಲ್ದಾಣದಲ್ಲಿಯೂ ಕೇಳಿದ್ದೇವೆ. ಹೀಗೇಕೆ ಆಗುತ್ತದೆಂಬುದನ್ನು ಮೊದಲು ತಿಳಿದುಕೊಂಡರೆ ಏನು ಮಾಡಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ.

ನಮ್ಮ ಕಡೆಗೆ ಬ್ಯಾಟರಿ ಎಂದರೆ ಕೈದೀಪ ಎಂದೇ ರೂಢಿ. ಅದರೊಳಗಿನ ಸೆಲ್ಲು ತೀರಿದರೆ ಬಿಸಾಡಿ ಹೊಸದನ್ನು ಹಾಕುತ್ತಿದ್ದೆವು. ಮೊಬೈಲಿನ ಸೆಲ್ಲಿನ ಜಾತಿಯೇ ಬೇರೆ. ಅದರಲ್ಲಿ ಲಿಥಿಯಮ್ ಎಂಬ ತೀರ ಹಗುರಾದ ಲೋಹದ ಕಣಗಳಿರುತ್ತವೆ. ಸೆಲ್ಲಿನೊಳಗೆ ಎರಡು ಹಟ್ಟಿಗಳಿವೆ ಎಂದು ತಿಳಿಯಿರಿ. ಚಾರ್ಜು ಮಾಡುವಾಗ ಕಣಗಳೆಂಬ ಕುರಿಗಳು ಒಂದು ಹಟ್ಟಿಯಿಂದ ಇನ್ನೊಂದಕ್ಕೆ ಹೋಗಿ ತುಂಬಿಕೊಳ್ಳುತ್ತವೆ. ನಾವು ಮೊಬೈಲು ಬಳಸುವಾಗ ಅವು ಮರಳಿ ಮೊದಲಿನ ಹಟ್ಟಿಗೆ ಬರುತ್ತವೆ. ಹೀಗೆ ಹೋಗಿಬರುವ ಪ್ರತಿಯೊಂದು ಸಲಕ್ಕೂ ಎಲ್ಲೋ ಒಂದೆರಡು ಕುರಿ ದಾರಿಯಲ್ಲಿ ಉಳಿದುಬಿಡುತ್ತವೆ. ಹಿಂಡು ಸಣ್ಣದಾದಷ್ಟು ಬ್ಯಾಟರಿಯ ದಮ್ಮು ಕಡಿಮೆ. ಈ ಬಗೆಯ ಬ್ಯಾಟರಿಯನ್ನು 1991ರಲ್ಲಿ ಜಪಾನಿನ ಸೋನಿ ಕಂಪನಿಯು ಮೊದಲು ಪೇಟೆಗೆ ತಂದಿತು. ಇದರ ಶೋಧಕ್ಕಾಗಿ 2019ರಲ್ಲಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಜಪಾನಿನ ಯೊಶಿನೊ ಎಂಬ ಮೂವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಗುಡ್‌ಇನಫ್ ಅವರಿಗೆ ಆಗ 97 ವರ್ಷ! ನಿವೃತ್ತಿಯ ದಿನ ಎಣಿಸುತ್ತ ಕೂಡುವ ನಮ್ಮಂಥ ಶಿಕ್ಷಕರು ನೆನಪಿಡಬೇಕಾದ ಸಂಗತಿಯಿದು.

ಒಂದು ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿ ಪೂರ್ತಿ ತುಂಬಿದರೆ ಒಂದು ಸುತ್ತು ಎನ್ನುತ್ತಾರೆ. ಅರ್ಧ ಖರ್ಚು ಮಾಡಿ ಅರ್ಧ ತುಂಬಿದರೆ ಎರಡು ಸಲಕ್ಕೆ ಒಂದು ಸುತ್ತು. ಸಾಧಾರಣ ಬ್ಯಾಟರಿಯು 500 ಸುತ್ತುಗಳ ಹೊತ್ತಿಗೆ ಮೊದಲಿನ ಶಕ್ತಿಯ ನೂರಕ್ಕೆ 80 ಪಾಲಿಗೆ ಇಳಿಯುತ್ತದೆ. ಹೊಸ ಮೊಬೈಲುಗಳಲ್ಲಿ ಇದು ಸುಧಾರಿಸಿದೆ. ಯುರೋಪದ ದೇಶಗಳಲ್ಲಿ 2025ರ ಜೂನ್‌ದಿಂದ, 800 ಸುತ್ತುಗಳ ನಂತರವೂ 80 ಪಾಲು ಉಳಿಯಲೇಬೇಕೆಂದು ಕಾಯದೆಯಾಗಿದೆ. ದಿನಕ್ಕೊಂದು ಸುತ್ತಿನಂತೆ ಬಳಸಿದರೆ 500 ಸುತ್ತು ಒಂದೂವರೆ ವರ್ಷದೊಳಗೇ ಮುಗಿಯುತ್ತವೆ. ಅರ್ಧವೇ ಖರ್ಚಾದರೆ ಮೂರು ವರ್ಷದ ಹತ್ತಿರ ಬರುತ್ತವೆ. ಆದುದರಿಂದ ದಿನದ ಖರ್ಚನ್ನು ಕಡಿಮೆ ಮಾಡಿದರೆ ಎರಡು ಲಾಭ: ಆ ದಿನವೂ ಸಂಜೆಯವರೆಗೆ ಬರುತ್ತದೆ, ಬ್ಯಾಟರಿಯ ಆಯುಷ್ಯವೂ ಹೆಚ್ಚುತ್ತದೆ.

ಕರೆಂಟಿನ ಬಿಲ್ಲಿನ ಚಿಂತೆ ಮಾತ್ರ ಇಲ್ಲಿ ಬೇಡ. ಏಳನೆಯ ಇಯತ್ತೆಯ ಹುಡುಗನೂ ಮಾಡಬಹುದಾದ ಲೆಕ್ಕವಿದು. ಐದು ಸಾವಿರ ಮಿಲಿ ಆಂಪಿಯರಿನ ಬ್ಯಾಟರಿ ಎಂದರೆ ತಾಸಿಗೆ ಐದು ಆಂಪಿಯರು, ಅದನ್ನು 3.85 ವೋಲ್ಟಿನಿಂದ ಗುಣಿಸಿದರೆ ಸುಮಾರು 19 ವ್ಯಾಟ್-ತಾಸು. ಚಾರ್ಜರಿನಲ್ಲಿ ಸೋರಿಹೋಗುವದನ್ನು ಕೂಡಿಸಿ 25 ಎಂದು ಹಿಡಿಯೋಣ. ಒಂದು ಯುನಿಟ್ಟಿಗೆ ಸಾವಿರ ವ್ಯಾಟ್-ತಾಸು. ಅಂದರೆ ಒಂದು ಯುನಿಟ್ಟಿನಲ್ಲಿ 40 ಸಲ ಚಾರ್ಜು ಆಗುತ್ತದೆ. ಸವೆಯುವದು ಕರೆಂಟಲ್ಲ, ಬ್ಯಾಟರಿ.

ಈಗ ಮುಖ್ಯ ವೈರಿಯ ವಿಚಾರ. ನಮ್ಮ ಪ್ರದೇಶದಲ್ಲಿ ಅದು ಬಿಸಿಲು. ಸೊಲ್ಲಾಪುರದಲ್ಲಿ ಮೇ ತಿಂಗಳ ಮಧ್ಯಾಹ್ನ 42, 43 ಡಿಗ್ರಿಗೆ ಏರುವದು ಹೊಸತಲ್ಲ. ಮೊಬೈಲು ತಯಾರಿಸುವವರು ಸಾಮಾನ್ಯವಾಗಿ 35 ಡಿಗ್ರಿಯೊಳಗೆ ಬಳಸಿರೆಂದು ಹೇಳುತ್ತಾರೆ. ನಮ್ಮಲ್ಲಿ ನೆರಳಿನ ಗಾಳಿಯೇ ಆ ಮಿತಿಯನ್ನು ದಾಟಿರುತ್ತದೆ. ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ, ಮೋಟಾರು ಸೈಕಲ್ಲಿನ ಹ್ಯಾಂಡಲಿನಲ್ಲಿ, ಕರಿಬಣ್ಣದ ಕವಚದೊಳಗೆ ಇರುವ ಮೊಬೈಲಿನ ಗತಿಯೇನು? ಝಳ ಹೆಚ್ಚಿದಷ್ಟು ಸೆಲ್ಲಿನೊಳಗಿನ ರಸ ಕೆಡುತ್ತದೆ, ದಾರಿಯಲ್ಲಿ ಉಳಿಯುವ ಕುರಿಗಳ ಸಂಖ್ಯೆ ಹೆಚ್ಚುತ್ತದೆ. ಇದಕ್ಕೂ ಒಂದು ಲೆಕ್ಕವಿದೆ. ಈ ಬಗೆಯ ಬ್ಯಾಟರಿಯನ್ನು ನೂರಕ್ಕೆ 40ರಷ್ಟು ತುಂಬಿ 25 ಡಿಗ್ರಿಯಲ್ಲಿ ಒಂದು ವರ್ಷ ಸುಮ್ಮನೆ ಇಟ್ಟರೆ ಸುಮಾರು 4 ಪಾಲು ಶಕ್ತಿ ಕಳೆಯುತ್ತದೆ. ಪೂರ್ತಿ ತುಂಬಿ 40 ಡಿಗ್ರಿಯಲ್ಲಿ ಇಟ್ಟರೆ ಸುಮಾರು 35 ಪಾಲು ಹೋಗುತ್ತದೆ, ಒಂದು ಕರೆಯನ್ನೂ ಮಾಡದೆ! ಬಿಸಿಲಿಗೆ ತುಂಬಿದ ಹಟ್ಟಿಯೂ ಕೂಡಿದರೆ ಹಾನಿ ಹೀಗೆ.

ಇದರಿಂದ ತಿಳಿಯಬೇಕಾದದ್ದೇನೆಂದರೆ, ಹೊಲಕ್ಕೆ ಹೋದಾಗ ಮೊಬೈಲನ್ನು ಅಂಗಿಯ ಮೇಲಿನ ಕಿಸೆಯಲ್ಲಿ ಬಿಸಿಲಿಗೆ ಒಡ್ಡದೆ ಬುತ್ತಿಯ ಚೀಲದಲ್ಲಿ, ಬೇವಿನ ಮರದ ನೆರಳಿನಲ್ಲಿ ಇಡುವದು ಒಳ್ಳೆಯದು. ಹೊಲದಿಂದ ಬಂದ ಕೂಡಲೆ ಕಾದ ಮೊಬೈಲನ್ನು ಚಾರ್ಜಿಗೆ ಹಚ್ಚಬಾರದು. ಕಾಲು ತಾಸು ತಣ್ಣಗಾಗಲಿ. ಬೇಗ ತಣ್ಣಗಾಗಲೆಂದು ಫ್ರಿಜ್ಜಿನಲ್ಲಿಡುವದು ಇಲ್ಲವೆ ಒದ್ದೆ ಬಟ್ಟೆ ಸುತ್ತುವದು ಬೇಡ. ಒಳಗೆ ತೇವ ಹಿಡಿದು ಬೇರೆ ರೋಗ ಬರುತ್ತದೆ. ಚಾರ್ಜಿಗೆ ಇಡುವ ಜಾಗ ಫರಸಿಯ ನೆಲವಾಗಲಿ, ಕೌದಿಯ ಮೇಲಾಗಲಿ ತಲೆದಿಂಬಿನ ಕೆಳಗಾಗಲಿ ಅಲ್ಲ. ಚಾರ್ಜು ಆಗುತ್ತಿರುವಾಗಲೇ ಮಕ್ಕಳು ಅದರಲ್ಲಿ ಆಟವಾಡುವದು ಎರಡು ಕಡೆಯಿಂದ ಕಾಸಿದಂತೆ. ಬೇಸಿಗೆಯಲ್ಲಿ ನಸುಕಿನ ಹೊತ್ತು ಚಾರ್ಜು ಮಾಡುವದು ಎಲ್ಲಕ್ಕೂ ಉತ್ತಮ. ಆಗ ಹವೆಯೂ ತಂಪು, ಮನೆಯವರೂ ಎದ್ದಿರುತ್ತಾರೆ.

"ಹೊಸ ಮೊಬೈಲನ್ನು ಎಂಟು ತಾಸು ಚಾರ್ಜು ಮಾಡಬೇಕು, ಪೂರ್ತಿ ಬರಿದಾದ ಮೇಲೆಯೇ ಮತ್ತೆ ಹಚ್ಚಬೇಕು" ಎಂದು ಹಿರಿಯರು ಈಗಲೂ ಹೇಳುತ್ತಾರೆ. ಹಿಂದಿನ ನಿಕಲ್-ಕ್ಯಾಡ್ಮಿಯಮ್ ಸೆಲ್ಲುಗಳಿಗೆ ಆ ಮಾತಿನಲ್ಲಿ ಅರ್ಥವಿತ್ತು. ಲಿಥಿಯಮ್ಮಿಗೆ ಅದು ತದ್ವಿರುದ್ಧ. ಇದಕ್ಕೆ ಹೊಟ್ಟೆ ಬಿರಿಯುವ ಊಟವೂ ಆಗದು, ನಿರಶನವೂ ಆಗದು. 20ಕ್ಕೆ ಇಳಿದಾಗ ಹಚ್ಚಿ 80ಕ್ಕೆ ತೆಗೆದರೆ ಅದು ಹೆಚ್ಚು ವರ್ಷ ಬಾಳುತ್ತದೆ. ಕೆಲವು ಹೊಸ ಮೊಬೈಲುಗಳಲ್ಲಿ 80ಕ್ಕೆ ತಾನೇ ನಿಲ್ಲುವ ಏರ್ಪಾಡು ಇದೆ. ಬ್ಯಾಟರಿಯ ಸೆಟ್ಟಿಂಗಿನಲ್ಲಿ ಹುಡುಕಿರಿ. ಆದರೆ ದೂರದ ಊರಿಗೆ ಹೋಗುವ ದಿನ, ಪೀಕ ಪಾಹಣಿಯ ದಿನ ನೂರು ತುಂಬಿಕೊಂಡೇ ಹೋಗಬೇಕು. ಬ್ಯಾಟರಿ ಇರುವದು ನಮ್ಮ ಕೆಲಸಕ್ಕೆ, ನಾವು ಬ್ಯಾಟರಿಯ ಸೇವೆಗಲ್ಲ.

ಇನ್ನು ಗಡಿಯವರಾದ ನಮಗೆ ವಿಶೇಷವಾದ ಒಂದು ತೊಂದರೆಯಿದೆ. ಪೇಟೆಯವರಿಗಾಗಿ ಬರೆದ ಸೂಚನೆಗಳಲ್ಲಿ ಅದು ಬರುವದೇ ಇಲ್ಲ. ಮೊಬೈಲು ಸದಾ ಟಾವರಿನೊಡನೆ ಮಾತಾಡುತ್ತಿರುತ್ತದೆ. ಟಾವರು ಹತ್ತಿರವಿದ್ದರೆ ಪಿಸುಮಾತು ಸಾಕು, ದೂರವಿದ್ದರೆ ಕೂಗಬೇಕು. ಕೂಗಲು ಶಕ್ತಿ ಬೇಕು. ಭೀಮಾ ದಂಡೆಯ ಹಳ್ಳಿಗಳಲ್ಲಿ, ಆಳಂದ, ಅಫಜಲಪುರ, ಇಂಡಿ ತಾಲೂಕುಗಳ ಸೀಮೆಗೆ ಹೊಂದಿದ ಹೊಲಗಳಲ್ಲಿ ಈಚಿನ ಮಹಾರಾಷ್ಟ್ರದ ಟಾವರೂ ಕ್ಷೀಣ, ಆಚಿನ ಕರ್ನಾಟಕದ ಟಾವರೂ ಕ್ಷೀಣ. ಮೊಬೈಲು ಒಮ್ಮೆ ಇದನ್ನು ಹಿಡಿಯುತ್ತದೆ, ಒಮ್ಮೆ ಅದನ್ನು. ಬದಲಾದ ಪ್ರತಿ ಸಲವೂ ಹೊಸ ಟಾವರಿಗೆ ತನ್ನ ಹೆಸರು ಹೇಳಬೇಕು. ಆಚಿನ ಟಾವರಿನಲ್ಲಿದ್ದಾಗಲೂ ತನ್ನ ಮನೆಯ ಟಾವರು ಸಿಕ್ಕೀತೇ ಎಂದು ಆಗಾಗ ಹುಡುಕುತ್ತಲೇ ಇರುತ್ತದೆ. ಕರ್ನಾಟಕಕ್ಕೆ ಸ್ವಾಗತವೆಂಬ ಸಂದೇಶವು ನಮ್ಮ ಮನೆಯ ಅಂಗಳದಲ್ಲಿಯೇ ಬಂದು ನಗೆ ತರಿಸುವದುಂಟು. ಆ ನಗೆಗೆ ಬ್ಯಾಟರಿ ಬೆಲೆ ತೆರುತ್ತದೆ. ಮೇಲಾಗಿ ನಮ್ಮಲ್ಲಿ ಅನೇಕರು ಬೀಗರಿಗಾಗಿ ಕರ್ನಾಟಕದ ಒಂದು ಸಿಮ್ಮು, ಸರಕಾರಿ ಕೆಲಸಕ್ಕಾಗಿ ಮಹಾರಾಷ್ಟ್ರದ ಒಂದು ಸಿಮ್ಮು ಇಟ್ಟಿರುತ್ತಾರೆ. ಎರಡೂ ಕೂಗತೊಡಗಿದರೆ ಕೇಳಬೇಕೇ?

ಇದಕ್ಕೆ ಉಪಾಯಗಳಿವೆ. ರೋಮಿಂಗಿನ ಪ್ರತ್ಯೇಕ ದರ 2017ರ ಸುಮಾರಿಗೆ ಹೋಗಿರುವದರಿಂದ ಕರೆಗಳಿಗಾಗಿ ಎರಡು ಸಿಮ್ಮುಗಳ ಅವಶ್ಯಕತೆ ಮೊದಲಿನಷ್ಟು ಉಳಿದಿಲ್ಲ. ಆಧಾರ್ ಮತ್ತು ಬ್ಯಾಂಕಿಗೆ ಜೋಡಿಸಿದ್ದನ್ನು ಸದಾ ಇಟ್ಟು, ಇನ್ನೊಂದನ್ನು ತೆಗೆಯದೆ ಸೆಟ್ಟಿಂಗಿನಲ್ಲಿ ಬಂದು ಮಾಡಿಟ್ಟು ಬೇಕಾದಾಗ ತೆರೆಯಬಹುದು. ಮೊಬೈಲ್ ನೆಟ್‌ವರ್ಕಿನ ಸೆಟ್ಟಿಂಗಿನಲ್ಲಿ 5ಜಿ ಬದಲು 4ಜಿ ಆರಿಸುವದು ಇನ್ನೊಂದು ಉಪಾಯ. 5ಜಿ ಸೇವೆ ನಮ್ಮ ದೇಶದಲ್ಲಿ 2022ರ ಅಕ್ಟೋಬರ್ 1ರಂದು ಆರಂಭವಾಯಿತು. ಅದು ಗಟ್ಟಿಯಾಗಿ ಸಿಗುವ ಊರಲ್ಲಿ ಇರಲಿ, ಬಂದು-ಹೋಗಿ ಮಾಡುವಲ್ಲಿ ಅದನ್ನು ಬೆನ್ನಟ್ಟುವದರಿಂದ ಬ್ಯಾಟರಿಯೇ ದಣಿಯುತ್ತದೆ. ನೆಟ್‌ವರ್ಕನ್ನು ತಾನೇ ಆರಿಸುವ ಬದಲು ನಾವು ಆರಿಸುವ ಸೌಕರ್ಯವೂ ಇದೆ. ನಮ್ಮ ಮನೆಯಲ್ಲಿ ಯಾವುದು ಗಟ್ಟಿಯೋ ಅದನ್ನೇ ಹಿಡಿದು ನಿಲ್ಲುವಂತೆ ಮಾಡಬಹುದು. ಆದರೆ ಊರು ಬಿಟ್ಟು ಹೋಗುವಾಗ ಮರಳಿ ಮೊದಲಿನಂತೆ ಮಾಡಲು ಮರೆತರೆ ಮೊಬೈಲು ಮೂಕವಾಗುತ್ತದೆ. ಸಿಗ್ನಲ್ಲೇ ಇಲ್ಲದ ಹಳ್ಳದಲ್ಲಿ ಇಡೀ ದಿನ ಕೆಲಸವಿದ್ದರೆ ವಿಮಾನದ ಚಿಹ್ನೆಯನ್ನು ಒತ್ತಿಡಿರಿ. ಹೇಗೂ ಕರೆ ಬರುವದಿಲ್ಲ, ಕೂಗಾಟವಾದರೂ ನಿಲ್ಲುತ್ತದೆ.

ಟಾವರಿನ ನಂತರ ಹೆಚ್ಚು ತಿನ್ನುವದು ಪರದೆಯ ಬೆಳಕು. ಬಿಸಿಲಿನಲ್ಲಿ ಅದು ತಾನಾಗಿಯೇ ಪರಮಾವಧಿಗೆ ಏರುತ್ತದೆ. ನೆರಳಿಗೆ ಬಂದು ನೋಡಿದರೆ ಅರ್ಧ ಬೆಳಕು ಸಾಕು. ಅರ್ಧ ನಿಮಿಷಕ್ಕೆ ಪರದೆ ಆರುವಂತೆ ಇಡತಕ್ಕದ್ದು. ಕಪ್ಪು ಹಿನ್ನೆಲೆ ಇಟ್ಟರೆ ಉಳಿತಾಯವೆಂಬ ಮಾತು ಓಲೆಡ್ ಪರದೆಗೆ ಮಾತ್ರ ನಿಜ, ಅಗ್ಗದ ಎಲ್.ಸಿ.ಡಿ. ಪರದೆಗೆ ಅಲ್ಲ. ವಾಟ್ಸಪ್ಪಿನಲ್ಲಿ ಬಂದ ಪ್ರತಿಯೊಂದು ಶುಭೋದಯದ ಚಿತ್ರವೂ ತಾನಾಗಿ ಇಳಿಯದಂತೆ ಮಾಡುವದು ಬ್ಯಾಟರಿಗೂ ಹಿತ, ಮನಸ್ಸಿಗೂ ಹಿತ. ಯಾವ ಆ್ಯಪು ಎಷ್ಟು ತಿಂದಿತೆಂಬ ಲೆಕ್ಕ ಬ್ಯಾಟರಿಯ ಸೆಟ್ಟಿಂಗಿನಲ್ಲಿಯೇ ಇರುತ್ತದೆ. ವಾರಕ್ಕೊಮ್ಮೆ ನೋಡಿ ದಂಡದ ಕೂಳನ್ನು ತೆಗೆದುಹಾಕಬಹುದು. ಆದರೆ ತೆರೆದ ಆ್ಯಪುಗಳನ್ನು ಗಳಿಗೆಗೊಮ್ಮೆ ಬೆರಳಿನಿಂದ ತಳ್ಳಿ ಮುಚ್ಚುವ ಚಟದಿಂದ ಲಾಭವಿಲ್ಲ. ಆರಿಸಿದ ಎಂಜಿನ್ನನ್ನು ಮತ್ತೆ ಮತ್ತೆ ಚಾಲೂ ಮಾಡಿದಂತೆ ಅದಕ್ಕೇ ಹೆಚ್ಚು ಖರ್ಚು.

ಉಳಿತಾಯಕ್ಕೂ ಮಿತಿ ಬೇಕು. ಸಿಡಿಲಿನ ಮುನ್ಸೂಚನೆ ಕೊಡುವ ದಾಮಿನಿ ಆ್ಯಪು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರದು. ಮೇ, ಜೂನ್ ತಿಂಗಳ ಗುಡುಗಿನ ದಿನಗಳಲ್ಲಿ ಅದಕ್ಕೆ ಸ್ಥಳದ ಮಾಹಿತಿ ಸಿಗುವಂತೆ ಇಡಬೇಕು. ಎರಡು ಪಾಲು ಬ್ಯಾಟರಿಯ ಆಸೆಗೆ ಅದನ್ನು ಬಂದು ಮಾಡುವದು ಶಹಾಣತನವಲ್ಲ. ಅದೇ ದಿನಗಳಲ್ಲಿ ಗುಡುಗು ಕೇಳಿದ ಕೂಡಲೆ ಚಾರ್ಜರನ್ನು ಗೋಡೆಯಿಂದ ಕಿತ್ತಿಡಬೇಕು. ವಾಯರು ಹಚ್ಚಿಕೊಂಡೇ ಮಾತಾಡುವದು ಜೀವಕ್ಕೆ ಅಪಾಯ.

ಚಾರ್ಜರು, ಪವರ್ ಬ್ಯಾಂಕುಗಳನ್ನು ಸಂತೆಯ ಚಾಪೆಯ ಮೇಲಿಂದ ಕೊಳ್ಳುವವರು ಅವುಗಳ ಮೇಲೆ ಬಿ.ಐ.ಎಸ್. ಗುರುತೂ, ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇದೆಯೇ ಎಂದು ನೋಡತಕ್ಕದ್ದು. ಹತ್ತು ಸಾವಿರವೆಂದು ಬರೆದ ಪವರ್ ಬ್ಯಾಂಕಿನಿಂದ ಮೊಬೈಲಿಗೆ ಸೇರುವದು ಸುಮಾರು ಆರು ಸಾವಿರ. ಇದು ಮೋಸವಲ್ಲ, ವೋಲ್ಟೇಜು ಬದಲಾಗುವಾಗ ಆಗುವ ಸೋರಿಕೆ. ಐದು ಸಾವಿರದ ಮೊಬೈಲನ್ನು ಅದು ಒಂದು ಸಲ ತುಂಬಿಸಿತೆಂದರೆ ಸರಿಯಾಗಿ ದುಡಿಯಿತೆಂದೇ ಲೆಕ್ಕ.

ಮೊಬೈಲಿನ ಬೆನ್ನು ಉಬ್ಬಿದರೆ, ಪರದೆ ಅಂಚಿನಿಂದ ಎದ್ದರೆ ಒಳಗೆ ಬ್ಯಾಟರಿ ಊದಿದೆ ಎಂದು ತಿಳಿಯಬೇಕು. ಆ ಕೂಡಲೆ ಚಾರ್ಜು ನಿಲ್ಲಿಸಿ, ಆರಿಸಿ, ಹಾಸಿಗೆ-ಮೇವುಗಳಿಂದ ದೂರವಿಡಿರಿ. ಒತ್ತಿ ಸರಿಮಾಡುವದು, ಸೂಜಿಯಿಂದ ಗಾಳಿ ತೆಗೆಯುವದು ಬೆಂಕಿಯನ್ನು ಕರೆದಂತೆ. ಬ್ಯಾಟರಿ ಬದಲಿಸುವ ಅಂಗಡಿಗೆ ಒಯ್ದು, ಹಳೆಯದನ್ನು ಅಲ್ಲಿಯೇ ಕೊಟ್ಟು ಬರತಕ್ಕದ್ದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಮರಳಿ ಪಡೆದು ವಿಲೇವಾರಿ ಮಾಡುವ ಹೊಣೆ ತಯಾರಕರದು. ಅದನ್ನು ಮನೆಗೆ ತಂದು ತಿಪ್ಪೆಗೆ ಎಸೆದರೆ ಗೊಬ್ಬರದೊಡನೆ ಹೊಲ ಸೇರುತ್ತದೆ, ಇಲ್ಲವೆ ಹುಡುಗರ ಕೈಗೆ ಸಿಗುತ್ತದೆ. ಸಿಕ್ಕರೆ ಅವರು ಒಳಗೇನಿದೆ ಎಂದು ಕಲ್ಲಿನಿಂದ ಜಜ್ಜಿ ನೋಡದೆ ಬಿಡುವದಿಲ್ಲ.