ಓದಿನ ಜೊತೆ ವೆಬ್‌ಸೈಟ್ ಕೆಲಸ: ಗಿರಾಕಿಗಳು ಊರಲ್ಲೇ ಇದ್ದಾರೆ

ಭಟ್ಕಳದ ಅಂಜುಮನ್ ಇಂಜಿನಿಯರಿಂಗ್ ಕಾಲೇಜು, ಹೊನ್ನಾವರದ ಎಸ್‌ಡಿಎಂ, ಕುಮಟಾದ ಬಾಳಿಗಾ ಕಾಲೇಜಿನ ಹುಡುಗ ಹುಡುಗಿಯರು ವೆಬ್‌ಸೈಟ್ ಮಾಡುವ ಕೆಲಸಕ್ಕೆ ಬೆಂಗಳೂರಿನತ್ತ ನೋಡಬೇಕಿಲ್ಲ. ಗೋಕರ್ಣದ ಹೋಮ್‌ಸ್ಟೇ, ಶರಾವತಿಯ ದೋಣಿ ವಿಹಾರ, ನೇತ್ರಾಣಿಗೆ ಸ್ಕೂಬಾ ಡೈವಿಂಗ್‌ಗೆ ಕರೆದೊಯ್ಯುವ ಮುರ್ಡೇಶ್ವರದ ತಂಡ, ಇವೆಲ್ಲ ಹೊರಗಿನ ಜನರನ್ನೇ ನಂಬಿದ ವ್ಯವಹಾರಗಳು. ನಿಮ್ಮ ಮೊದಲ ಗಿರಾಕಿ ಇವರಲ್ಲೇ ಸಿಗುತ್ತಾರೆ.

ಮೊದಲು ಪರಿಚಯದವರಿಗಾಗಿ ನಾಲ್ಕು ಪುಟದ ಒಂದು ಮಾದರಿ ಮಾಡಿ. ವಿನ್ಯಾಸಕ್ಕೆ ಕೈಹಾಕುವ ಮುನ್ನ ಮಾಲೀಕರ ಬಳಿ ಕೂತು, ದಿನಾ ಫೋನಿನಲ್ಲಿ ಜನ ಏನು ಕೇಳುತ್ತಾರೆ ಎಂದು ಬರೆದುಕೊಳ್ಳಿ. ಬಾಡಿಗೆ ಎಷ್ಟು, ಊಟ ಇದೆಯೇ, ಗೋಕರ್ಣ ರೋಡ್ ಸ್ಟೇಷನ್ನಿನಿಂದ ಬರುವುದು ಹೇಗೆ, ಕಾರು ಅಂಗಳದವರೆಗೆ ಬರುತ್ತದೆಯೇ? ಈ ಪ್ರಶ್ನೆಗಳಿಗೆ ಉತ್ತರ ಮೊದಲ ಪುಟದಲ್ಲೇ ಇರಲಿ, ಜೊತೆಗೆ ಒತ್ತಿದರೆ ವಾಟ್ಸ್‌ಆ್ಯಪ್ ತೆರೆಯುವ ಬಟನ್. ಗೂಗಲ್ ಮ್ಯಾಪಿನಲ್ಲಿ ಜಾಗ ನೋಂದಾಯಿಸುವುದು ಉಚಿತ, ಅದನ್ನೂ ಮಾಡಿಕೊಡಿ. ನೋಡುವವರು ಹೆಚ್ಚಾಗಿ ಮೊಬೈಲಿನಲ್ಲೇ ನೋಡುತ್ತಾರೆ. ಹಾಗಾಗಿ ಐದಾರು ಎಂಬಿಯ ಫೋಟೊವನ್ನು 200 ಕೆಬಿಯೊಳಗೆ ಇಳಿಸದೆ ಹಾಕಲೇಬೇಡಿ.

ಕನ್ನಡ ಪಠ್ಯದ ವಿಷಯದಲ್ಲಿ ಎಚ್ಚರ. ಡಿಟಿಪಿ ಅಂಗಡಿಯಿಂದ ಬರುವ ಬರಹ ಅನೇಕ ಸಲ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿರುತ್ತದೆ. ಅದನ್ನು ಹಾಗೇ ಅಂಟಿಸಿದರೆ ಓದಲಾಗದ ಚಿಹ್ನೆಗಳು ಕಾಣುತ್ತವೆ, ಗೂಗಲ್ ಹುಡುಕಾಟಕ್ಕೂ ಸಿಗುವುದಿಲ್ಲ. ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿ. ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಿ. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ 2 ಫಾಂಟುಗಳು ಉಚಿತ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ.

ಹಣದ ಮಾತನ್ನು ಆರಂಭದಲ್ಲೇ ಮುಗಿಸಿ. ಎಷ್ಟು ಪುಟ, ಎಷ್ಟು ಸಲ ತಿದ್ದುಪಡಿ, ಯಾವ ದಿನಕ್ಕೆ ಸಿದ್ಧ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿ, ಅರ್ಧ ಹಣ ಮುಂಗಡ ಪಡೆಯಿರಿ. ಪರಿಚಯದವರೆಂದು ಪುಕ್ಕಟೆ ಮಾಡಿಕೊಡುವುದು ನನಗೆ ಸರಿಕಾಣದು. ಡೊಮೇನ್ ಮಾತ್ರ ಮಾಲೀಕರ ಹೆಸರು, ಅವರ ಇಮೇಲ್‌ನಲ್ಲೇ ಇರಬೇಕು. ಇಲ್ಲದಿದ್ದರೆ, ನೀವು ಕೆಲಸ ಸಿಕ್ಕಿ ಊರು ಬಿಟ್ಟ ಮೇಲೆ ನವೀಕರಣ ತಪ್ಪಿದರೆ ಅವರ ವಿಳಾಸವೇ ಕೈತಪ್ಪುತ್ತದೆ. ವಾರ್ಷಿಕ ನಿರ್ವಹಣೆಗೆ ಬೇರೆ ದರ ಹೇಳಿ.

18 ತುಂಬದವರು ಕರಾರನ್ನು ಅಪ್ಪ ಅಥವಾ ಅಮ್ಮನ ಹೆಸರಲ್ಲಿ ಮಾಡಿಸಿ. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿಗೆ ಸರ್ಕಾರಿ ಜಾಲತಾಣದಲ್ಲಿ ಶುಲ್ಕವಿಲ್ಲ, ಆಧಾರ್ ಮತ್ತು ಪ್ಯಾನ್ ಸಾಕು. ಸೇವೆ ನೀಡುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ.

ಪರೀಕ್ಷೆಯ ದಿನಾಂಕಗಳನ್ನು ಗಿರಾಕಿಗೆ ಮೊದಲೇ ತಿಳಿಸಿ, ಒಮ್ಮೆಗೆ ಒಂದೇ ಕೆಲಸ ಒಪ್ಪಿಕೊಳ್ಳಿ. ಕಡಲತೀರದ ಫೋಟೊಗಳನ್ನು ಮೇ ತಿಂಗಳೊಳಗೆ ತೆಗೆದಿಡಿ. ಮಳೆಗಾಲದಲ್ಲಿ ಮಾಲೀಕರಿಗೆ ಮಾತಾಡಲು ಪುರುಸೊತ್ತಿರುತ್ತದೆ, ಆಗಲೇ ಹೋಗಿ ಕೇಳಿ. ಅಕ್ಟೋಬರ್ ರಜೆಗೆ ಪ್ರವಾಸಿಗರು ಬರುವ ಮೊದಲು ಸೈಟ್ ಚಾಲೂ ಆಗಿರಬೇಕು.